ದೊಡ್ಡಕ್ಕನ ಕುತ್ತಿಗೆ ನೋವು

ವಿಮಾ ಕಂಪನಿಗಳನ್ನು ಅಂಕೆಯಲ್ಲಿಡಬೇಕಾದ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ದೊಡ್ಡಕ್ಕನಿಗೆ ಕುತ್ತಿಗೆ ನೋವಿಲ್ಲ. ಗುರುತು ಪರಿಚಯವಿಲ್ಲದ ಎಷ್ಟೋ ಜನರಿಗೆ ಫೋನಿನಲ್ಲಿ ಇದನ್ನು ಹೇಳಿ ದಣಿದಿದ್ದೇನೆ. ಈಗ ತಮಗೆ, ಎಲ್ಲರ ಎದುರಿಗೇ ಹೇಳುತ್ತಿದ್ದೇನೆ. ಅಪಘಾತವಾಯಿತಂತಲ್ಲ, ಪೆಟ್ಟಾಗಿದೆಯಂತಲ್ಲ, ಪರಿಹಾರ ಕೊಡಿಸುತ್ತೇವೆ ಎಂದು ದಿನ ಬೆಳಗಾದರೆ ನಮ್ಮ ಅಂಗಡಿಗೆ ಕರೆ ಬರುತ್ತದೆ. ಆ ಪೆಟ್ಟಿನ ಸುದ್ದಿಯನ್ನು ನಾನು ಹೇಳಿದ್ದು ನನ್ನ ವಿಮಾ ಕಂಪನಿಗೆ ಮಾತ್ರ. ಅದು ಅಲ್ಲಿಂದ ಹೊರಬಿದ್ದು ಊರೆಲ್ಲ ತಿರುಗುತ್ತಿರುವುದು ತಮಗೆ ಗೊತ್ತಿದೆಯೋ ಇಲ್ಲವೋ ಎಂದು ಕೇಳುವುದಕ್ಕಾಗಿ ಈ ಪತ್ರ.

ಅಪಘಾತ ಎನ್ನುವುದೇ ದೊಡ್ಡ ಮಾತು. ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಹಳೆಯ ಕಾರಿಗೆ ಹಿಂದಿನಿಂದ ಒಂದು ವ್ಯಾನು ಬಂದು ತಗುಲಿತು. ಬಂಪರ್ ಸೊಟ್ಟಗಾಯಿತು. ವ್ಯಾನಿನವನು ತಪ್ಪಾಯ್ತು ಅಂದ, ನಾನು ಹೋಗಲಿ ಬಿಡಿ ಅಂದೆ. ಮುಂದಿನ ಸೀಟಿನಲ್ಲಿ ದೊಡ್ಡಕ್ಕ ಇದ್ದಳು. ದೊಡ್ಡಕ್ಕ ಎಂದರೆ ಯಾರು ಎಂದು ಹೇಳಿಬಿಡುತ್ತೇನೆ. ನಾನು ದರ್ಜಿ. ಹೊಲಿದ ಬಟ್ಟೆ ತೊಡಿಸಿ ನೋಡಲು ನಮ್ಮಲ್ಲಿ ಒಂದು ದಪ್ಪ ಬೊಂಬೆಯಿದೆ. ಕುತ್ತಿಗೆಯ ಮೇಲೆ ತಲೆಯಿಲ್ಲ, ಕೈಗಳಿಲ್ಲ, ಇರುವುದು ಒಂದೇ ಮರದ ಕಾಲು. ಅಪ್ಪನ ಕಾಲದವಳು. ಅಂಗಡಿಯಲ್ಲಿ ಯಾರೂ ಅವಳನ್ನು "ಅದು" ಎಂದು ಕರೆದವರಲ್ಲ. "ದೊಡ್ಡಕ್ಕನಿಗೆ ಹಾಕಿ ನೋಡಿ", "ದೊಡ್ಡಕ್ಕ ಒಪ್ಪಲಿಲ್ಲ, ಕಂಕುಳ ಹೊಲಿಗೆ ಬಿಚ್ಚಿ" ಎನ್ನುವುದು ನಮ್ಮ ದಿನದ ಮಾತು. ಆ ದಿನ ಅವಳ ಕಾಲು ರಿಪೇರಿಗೆಂದು ಬಡಗಿಯ ಹತ್ತಿರ ಕರೆದೊಯ್ಯುತ್ತಿದ್ದೆ. ಬೆಲ್ಟ್ ಹಾಕದಿದ್ದರೆ ಕಾರು ಕುಂಯ್‌ಗುಡುತ್ತದೆಂದು ಬೆಲ್ಟನ್ನೂ ಹಾಕಿದ್ದೆ.

ಮಧ್ಯಾಹ್ನ ಬಂಪರ್ ರಿಪೇರಿಗೆಂದು ವಿಮಾ ಕಂಪನಿಗೆ ಫೋನ್ ಮಾಡಿದಾಗ ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಕೈಯಲ್ಲಿ ಯಾರದೋ ಕಾಲರ್ ಇತ್ತು.

"ನಿಮ್ ಜೊತೆ ಯಾರಾದ್ರೂ ಇದ್ರಾ ಸರ್?" ಎಂದು ಅತ್ತಲಿನ ಹುಡುಗಿ ಕೇಳಿದಳು.

"ದೊಡ್ಡಕ್ಕ ಇದ್ಲು."

"ಅವ್ರಿಗೇನಾದ್ರೂ ಪೆಟ್ಟಾಯ್ತಾ?"

"ಕುತ್ತಿಗೆ ಒಂಚೂರು ಅಲ್ಲಾಡ್ತಿದೆ. ಬಿಡಮ್ಮ, ನಾನೇ ಸರಿ ಮಾಡ್ಕೋತೀನಿ."

"ವಯಸ್ಸು ಸರ್?" ಎಂದಳು. ನನಗಿಂತ ದೊಡ್ಡವಳು ಎಂದೆ. ಟಕಟಕ ಟೈಪ್ ಮಾಡಿಕೊಂಡದ್ದು ನನಗೆ ಕೇಳಿಸಿತು. ಅಷ್ಟೇ ನಡೆದದ್ದು.

ಮುಂದಿನ ವಾರದಿಂದ ಶುರುವಾಯಿತು ನೋಡಿ. ವಕೀಲರ ಕಡೆಯವರು, ಪರಿಹಾರ ಸಲಹೆಗಾರರು, ಯಾರ ಕಡೆಯವರು ಎಂದು ಸ್ವತಃ ಅವರಿಗೇ ತಿಳಿಯದವರು, ಎಲ್ಲರಿಗೂ ನಮ್ಮ ದೊಡ್ಡಕ್ಕನ ಮೇಲೆ ಎಲ್ಲಿಲ್ಲದ ಅಕ್ಕರೆ. "ನೋವು ಈಗ್ಲೇ ಗೊತ್ತಾಗಲ್ಲ ಸರ್, ನಿಧಾನಕ್ಕೆ ಶುರುವಾಗತ್ತೆ" ಎಂದ ಒಬ್ಬ. ಅವಳಿಗೆ ತಲೆಯೇ ಇಲ್ಲಪ್ಪ ಎಂದೆ. "ಹಾಗೆಲ್ಲ ಅನ್ಬೇಡಿ ಸರ್, ಹಿರಿಯರು" ಎಂದು ನನಗೇ ಬುದ್ಧಿ ಹೇಳಿದ. ನಗು ಬರುತ್ತದಲ್ಲವೇ? ಮೊದಮೊದಲು ನಾವೂ ನಕ್ಕೆವು. ಆದರೆ ಮಾನ್ಯರೇ, ಒಬ್ಬರ ಬಟ್ಟೆ ಇನ್ನೊಬ್ಬರದರಲ್ಲಿ ಬೆರೆಯದಿರಲಿ ಎಂದು ನಾವು ಒಳಮಡಿಕೆಯಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತೇವೆ. ದೊಡ್ಡಕ್ಕ ಅಂಥ ಗುರುತು. ಕುತ್ತಿಗೆ ನೋಯುವ ದೊಡ್ಡಕ್ಕ ಇಡೀ ಪ್ರಪಂಚದಲ್ಲಿ ಇದ್ದದ್ದು ಒಂದೇ ಕಂಪನಿಯ ಕಂಪ್ಯೂಟರಿನಲ್ಲಿ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?

ಕಂಪನಿಯನ್ನು ಕೇಳಿದೆ. ಗ್ರಾಹಕರ ಗೌಪ್ಯತೆ ಅವರಿಗೆ ಪ್ರಾಣಸಮಾನವಂತೆ. ಅದರ ಜೊತೆಗೇ, "ಆಯ್ದ ಸಹಭಾಗಿಗಳೊಡನೆ" ಮಾಹಿತಿ ಹಂಚಿಕೊಳ್ಳಲು ನಾನು ಪಾಲಿಸಿ ಕೊಂಡ ದಿನವೇ ಸಮ್ಮತಿಸಿದ್ದೇನಂತೆ. ಆಯ್ದವರಂತೆ! ಅಕ್ಕಿ ಚೆಲ್ಲಿ ಕಲ್ಲನ್ನು ಆಯ್ದಿಟ್ಟುಕೊಂಡಿದ್ದಾರೆ. ಈ ಬೀದಿಯ ಎಲ್ಲರ ಸೊಂಟದ ಸುತ್ತಳತೆ ನನಗೆ ಗೊತ್ತು. ಯಾರ ಹೊಟ್ಟೆ ಬೆಳೆಯುತ್ತಿದೆ ಎಂದು ಪಕ್ಕದ ವ್ಯಾಯಾಮಶಾಲೆಯವನಿಗೆ ನಾನು ಇದುವರೆಗೆ ಹೇಳಿಲ್ಲ. ಹೇಳಿದರೆ ಮರುದಿನ ನನ್ನ ಅಂಗಡಿಗೆ ಯಾರು ಬಂದಾರು? ನನಗಿರುವ ಈ ಭಯವನ್ನು ಒಂದು ದೊಡ್ಡ ಕಂಪನಿಗೆ ಹುಟ್ಟಿಸಲು ತಮ್ಮ ಕೈಯಲ್ಲಿ ಆಗುವುದಿಲ್ಲವೇ?

ಗೊತ್ತಿಲ್ಲದ ನಂಬರಾದರೆ ಎತ್ತಬೇಡಿ ಎಂದು ತಾವು ಹೇಳಬಹುದು. ಎಲ್ಲರೂ ಅದನ್ನೇ ಹೇಳುತ್ತಾರೆ. ನನ್ನ ಹೆಂಡತಿಯ ಬಲಗಣ್ಣಿನ ಕಾರ್ನಿಯಾ, ಎಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಪೂರ್ತಿ ಮಬ್ಬಾಗಿದೆ. ಎಡಗಣ್ಣೂ ಅದೇ ದಾರಿ ಹಿಡಿದಿದೆ. ನಮ್ಮ ಅಂಗಡಿಯ ಗುಂಡಿ ಕಾಜಾ, ಅಂಚಿನ ಹೆಮ್ಮಿಂಗ್ ಎಲ್ಲ ಅವಳದೇ ಕೈಕೆಲಸ. ಈಗ ಬೆಳಿಗ್ಗೆ ನಾನು ಸೂಜಿಗಳಿಗೆ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಟ್ಟರೆ, ಅವು ಮುಗಿಯುವವರೆಗೆ ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಾಳೆ. ದಾನವಾಗಿ ಬರುವ ಕಣ್ಣಿಗೆ ಅವಳ ಹೆಸರು ಸರದಿಯಲ್ಲಿದೆ. ಆಸ್ಪತ್ರೆಯವರು ಮೊದಲೇ ಹೇಳಿದ್ದಾರೆ: ಕಣ್ಣು ಬಂದ ದಿನ ಫೋನ್ ಮಾಡುತ್ತೇವೆ, ಯಾವ ನಂಬರಿನಿಂದ ಎಂದು ಹೇಳಲಾಗದು, ನೀವು ಸಿಗದಿದ್ದರೆ ಸರದಿಯಲ್ಲಿ ಮುಂದಿನವರಿಗೆ.

ಹಾಗಾಗಿ ಪ್ರತಿ ಕರೆಯನ್ನೂ ನಾನು ಎತ್ತಲೇಬೇಕು. ಫೋನ್ ಬಡಿದುಕೊಂಡರೆ ಸಾಕು, ಅವಳು ಕೈಯಲ್ಲಿನ ಬಟ್ಟೆ ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಾಳೆ.

"ಯಾರ್ರೀ?"

"ದೊಡ್ಡಕ್ಕನ ಕುತ್ತಿಗೆಯವ್ರು."

"ಓ" ಎಂದು ವಾಪಸು ಹೋಗುತ್ತಾಳೆ. ಆ "ಓ" ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ.

ತಮ್ಮ ಕಚೇರಿಗೂ ದೂರು ಕೊಟ್ಟೆ. ತಮ್ಮ ಕಚೇರಿ ಉತ್ತರಿಸಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಬಹಳ ವಿನಯದ ಉತ್ತರ ಬಂತು. ಕರೆ ಮಾಡಿದವರ ಹೆಸರು, ಸಂಸ್ಥೆಯ ವಿಳಾಸ, ನನ್ನ ನಂಬರು ಅವರಿಗೆ ದೊರೆತ ಮೂಲ, ಇವಿಷ್ಟನ್ನು "ಕರೆದಾರರಿಂದಲೇ ಪಡೆದು" ಸಲ್ಲಿಸಿದರೆ ಪರಿಶೀಲಿಸುವಿರಂತೆ. ಕಳ್ಳತನವಾದ ಮನೆಯವನು ಕಳ್ಳನನ್ನು ಕೂರಿಸಿ, ಕಾಫಿ ಕೊಟ್ಟು, ನಿಮ್ಮ ವಿಳಾಸ ಬರೆದುಕೊಡಿ ಎಂದು ಕೇಳಬೇಕು. ಆದರೂ ಕಚೇರಿಯ ಮಾತು ಮೀರಬಾರದೆಂದು ಹಾಗೇ ಮಾಡಿದೆ.

ಮುಂದಿನ ಕರೆ ಬಂದಾಗ ಬಯ್ಯಲಿಲ್ಲ, ಫೋನ್ ಇಡಲಿಲ್ಲ. "ನಮ್ ನಂಬರ್ ನಿಮಗೆ ಯಾರು ಕೊಟ್ರಮ್ಮ?" ಎಂದು ಮೆತ್ತಗೆ ಕೇಳಿದೆ. "ನಂಗೆ ಸ್ಕ್ರೀನ್ ಮೇಲೆ ಬರೋದಷ್ಟೇ ಗೊತ್ತು ಸರ್" ಎಂದಳು ಆ ಹುಡುಗಿ. ಧ್ವನಿಯಲ್ಲಿ ನನ್ನಷ್ಟೇ ಸುಸ್ತು. ಮೇಲಿನವರನ್ನು ಕೇಳಿ ಹೇಳಮ್ಮ ಎಂದೆ. ಒಂದು ನಿಮಿಷ ಲೈನ್‌ನಲ್ಲಿರಿ ಎಂದು ಹೋದಳು. ಸಂಗೀತ ಬರತೊಡಗಿತು. ನಾನು ಪೆನ್ನು ಹಿಡಿದು ಕಾಯುತ್ತಾ ಕುಳಿತೆ. ನಿಮಿಷವೆಂದದ್ದು ಬಹಳ ಹೊತ್ತಾಯಿತು. ಒಂದು ತೋಳಿಗೆ ಕಚ್ಚಾ ಹೊಲಿಗೆ ಹಾಕಿ ಮುಗಿಸಿದೆ. ಕೊನೆಗೆ ಬಂದು, "ಸಾರಿ ಸರ್, ಆ ಮಾಹಿತಿ ಕೊಡಕ್ಕಾಗಲ್ವಂತೆ, ಅದು ಗೌಪ್ಯ" ಎಂದಳು.

ಅದೇ ದಿನ ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. "ಎಷ್ಟು ಸಲ ಟ್ರೈ ಮಾಡಿದ್ವಿ ಸರ್, ಎಂಗೇಜ್ ಬರ್ತಿತ್ತು. ಕಾಯಕ್ಕಾಗ್ಲಿಲ್ಲ" ಎಂದರು. ಕಣ್ಣು ಮುಂದಿನವರಿಗೆ ಹೋಯಿತು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಆ ದಿನ ಕಣ್ಣು ಕೆಡದಂತೆ ಕಾಪಾಡುವುದು ಮುಖ್ಯವಾಗಿತ್ತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲ ಕೇಳಿಸಿಕೊಂಡು, "ಆ ಮುಂದಿನವ್ರು ಎತ್ತಿದ್ರಂತಾ ಫೋನು?" ಎಂದು ಕೇಳಿದಳು.

"ಹೂಂ, ಎತ್ತಿದ್ರಂತೆ."

"ಸದ್ಯ" ಎಂದಳು. ಆಮೇಲೆ ಒಳಗೆ ಹೋಗಿ ಸೂಜಿಯ ದಿಂಬನ್ನು ತಡಕಿ, "ದಾರ ಮುಗ್ದಿದೆ, ಇನ್ನೆರಡು ಪೋಣಿಸಿಕೊಡಿ" ಎಂದು ಚಾಚಿದಳು. ನನಗೂ ಸೂಜಿಯ ಕಣ್ಣು ಕಾಣಿಸಲಿಲ್ಲ. ಅತ್ತುಬಿಟ್ಟೆ, ಮಾನ್ಯರೇ.

ನನಗೆ ಪರಿಹಾರ ಬೇಡ. ಪರಿಹಾರ ಎಂಬ ಶಬ್ದ ಕೇಳಿದರೇ ಈಗ ಮೈ ಉರಿಯುತ್ತದೆ. ನಾನು ಕೇಳುವುದು ಇಷ್ಟು: ದೊಡ್ಡಕ್ಕನ ಹೆಸರನ್ನು ಯಾರಿಗೆ ಕೊಟ್ಟಿರಿ ಎಂದು ಆ ಕಂಪನಿಯನ್ನು ತಾವು ಕೇಳಿ, ನನ್ನಿಂದ ಕೇಳಿಸಬೇಡಿ. ಕೊಟ್ಟಲ್ಲಿಂದೆಲ್ಲ ನಮ್ಮ ನಂಬರನ್ನು ಅಳಿಸಿ ಹಾಕಿಸಿ. ಗ್ರಾಹಕನನ್ನು ಬಿಡಿಸಿ ಕೇಳದೆ, ಅವನು ಹೂಂ ಎನ್ನದೆ ಅವನ ಒಂದು ಅಕ್ಷರವೂ ಹೊರಗೆ ಹೋಗಕೂಡದೆಂದು ಆಜ್ಞೆ ಮಾಡಿ. ನಮ್ಮ ಸರದಿ ಮತ್ತೆ ಬರಬಹುದಂತೆ. ಬಂದ ದಿನ ನಮ್ಮ ಫೋನು ಖಾಲಿ ಇರಬೇಕು.

ಇದನ್ನು ಬರೆಯುತ್ತಿರುವಾಗಲೂ ಒಂದು ಕರೆ ಬಂತು. ಅವಳು ಬಾಗಿಲಿಗೆ ಬಂದಳು. ಯಾರೆಂದು ಈ ಸಲ ಕೇಳಲಿಲ್ಲ. "ಬೇಗ ಇಟ್ಬಿಡಿ" ಎಂದಳು, ಅಷ್ಟೆ.

ಇಂತಿ,
ಫೋನ್ ಎತ್ತದೆ ವಿಧಿಯಿಲ್ಲದ ಒಬ್ಬ ದರ್ಜಿ
(ಸಹಿ ಹಾಕಲು ಕೈಗಳಿಲ್ಲದ ದೊಡ್ಡಕ್ಕನ ಪರವಾಗಿಯೂ, ಸಹಿ ಎಲ್ಲಿ ಹಾಕಬೇಕೆಂದು ಕಾಣದ ನನ್ನ ಹೆಂಡತಿಯ ಪರವಾಗಿಯೂ)