ಟವಲ್ ಹೊದ್ದ ಕಂಪ್ಯೂಟರ್ ನಿಮ್ಮ ಲೆಕ್ಕಕ್ಕೆ ಸಿಗಲಿಲ್ಲ

ಯಾವ ಯೋಜನೆ ಇರಬೇಕು, ಯಾವುದು ಹೋಗಬೇಕು ಎಂದು ಹಾಸನದಲ್ಲಿ ಕುಳಿತು ಅಳೆಯುವ ಮಾನ್ಯರೇ,

ನಿಮ್ಮ ಮುಕ್ತ ತಂತ್ರಾಂಶ ಘಟಕವನ್ನು ಈ ಮಾರ್ಚ್ ಕೊನೆಗೆ ಮುಚ್ಚುತ್ತೀರಂತೆ. ಅದರಿಂದ ಪ್ರಯೋಜನ ಪಡೆದ ಹಾಲಿನ ಸಂಘ ಇಡೀ ಜಿಲ್ಲೆಗೆ ಒಂದೇ ಒಂದು ಎಂದು ನಿಮ್ಮ ಮೌಲ್ಯಮಾಪನ ವರದಿ ಹೇಳುತ್ತದಂತೆ. ಆ ಲೆಕ್ಕ ಸುಳ್ಳು. ಸುಳ್ಳು ಹೇಳಿದವರಲ್ಲಿ ನಾನೂ ಒಬ್ಬಳು.

ನುಗ್ಗೇಹಳ್ಳಿ ಪಕ್ಕದ ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ನಾನು ಕಾರ್ಯದರ್ಶಿ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಮೊದಲು ನಮ್ಮ ಕಂಪ್ಯೂಟರ್ ಹಾಲೆಷ್ಟು, ದುಡ್ಡೆಷ್ಟು ಎನ್ನುವ ಚೀಟಿಯನ್ನು ಇಂಗ್ಲಿಷಿನಲ್ಲೇ ಕೊಡುತ್ತಿತ್ತು. ಹಾಲು ಹಾಕಿದವರು ಅದನ್ನು ನನ್ನ ಕೈಗೇ ಕೊಟ್ಟು ಓದಿಸಿಕೊಳ್ಳುತ್ತಿದ್ದರು. ಓದಿದ್ದು ನಿಜವೋ ಅಲ್ಲವೋ ಎಂದು ನನ್ನ ಮುಖ ನೋಡುತ್ತಿದ್ದರು. ಹೋದ ವರ್ಷ ಹೊಳೆನರಸೀಪುರದ ಕಡೆಯ ನನ್ನ ನಾದಿನಿ ಸುಬ್ಬಮ್ಮ, ಅವರ ಸಂಘಕ್ಕೆ ನಿಮ್ಮ ಘಟಕ ಕೊಟ್ಟಿದ್ದ ಕನ್ನಡ ಚೀಟಿಯ ತಂತ್ರಾಂಶವನ್ನು ಸಿ.ಡಿ.ಗೆ ಹಾಕಿಸಿ ತಂದುಕೊಟ್ಟಳು. "ಆಸನದ ಅಂಸ ಮೇಡಮ್ಮು ಮಾಡಿದ್ದು ಅತ್ತಿಗೆ. ಯಾರ್ಗ್ ಬೇಕಾರೂ ಕೊಡಿ ಅಂದವ್ರೆ" ಎಂದಳು. ಹಂಸ ಎಂದರೆ ನಿಮ್ಮ ಘಟಕದಲ್ಲಿ ಗುತ್ತಿಗೆಯ ಮೇಲಿರುವ ಹುಡುಗಿ. ನನಗೆ ಸುಬ್ಬಮ್ಮನ ಮಾತು ನಂಬಿಕೆಯಾಗಲಿಲ್ಲ. ಸರ್ಕಾರಿ ಕಚೇರಿ ಪುಕ್ಕಟೆ ಕೊಡುವುದಲ್ಲದೆ, ಊರಿಗೆಲ್ಲ ಹಂಚಿ ಎಂದೂ ಹೇಳುತ್ತದೆಯೇ? ಅಂಥ ಅನುಭವವನ್ನು ನೀವು ನಮಗೆ ಯಾವಾಗ ಕೊಟ್ಟಿದ್ದಿರಿ?

ಆದರೂ ಹಾಕಿಕೊಂಡೆವು. ನಮ್ಮಿಂದ ಅರಕಲಗೂಡಿನ ಕಡೆಯ ಸಂಘಕ್ಕೂ ಹೋಯಿತು. ಅಲ್ಲಿ ಲೆಕ್ಕ ಬರೆಯುವ ನಿಸರ್ಗ ಎಂಬ ಹುಡುಗಿ, ಬೆಳಗಿನ ಹಾಲೂ ಸಂಜೆಯ ಹಾಲೂ ಒಂದೇ ಚೀಟಿಯಲ್ಲಿ ಬರುವ ಹಾಗೆ ಅದನ್ನು ತಿದ್ದಿದಳು. ಆ ತಿದ್ದುಪಡಿ ಅದೇ ದಾರಿಯಲ್ಲಿ ನಮಗೆ ವಾಪಸ್ಸು ಬಂತು. ಇದರಲ್ಲಿ ಯಾರೂ ನಿಮ್ಮ ಘಟಕದ ಹೊಸಿಲು ತುಳಿಯಲಿಲ್ಲ. ತುಳಿಯುವ ಅಗತ್ಯವೇ ಬೀಳಲಿಲ್ಲ.

ಅಷ್ಟರಲ್ಲಿ ಚನ್ನರಾಯಪಟ್ಟಣದ ಅಂಗಡಿಯೊಂದರಲ್ಲಿ ಕಳ್ಳ ಸಿ.ಡಿ. ಹಿಡಿದು ಮಾಲೀಕನನ್ನು ಠಾಣೆಗೆ ಕರೆದುಕೊಂಡು ಹೋದರು. ಅದಾದ ವಾರಕ್ಕೆ ನಿಮ್ಮ ಸಮೀಕ್ಷೆಯವರು ಬಂದರು. ಜೀಪು ನಿಂತಿದ್ದನ್ನು ಕಂಡು, ನಮ್ಮ ಸಿ.ಡಿ.ಯನ್ನೂ ಕಳ್ಳಮಾಲು ಎಂದು ಹಿಡಿಯುತ್ತಾರೆಂದು ಹೆದರಿ, ಕ್ಯಾನು ಒರೆಸುವ ಟವಲನ್ನು ಕಂಪ್ಯೂಟರಿಗೆ ಹೊದಿಸಿಬಿಟ್ಟೆ.

"ಘಟಕದಿಂದ ಏನಾದರೂ ಪಡೆದಿದ್ದೀರೇನಮ್ಮ?"

"ಇಲ್ಲ ಸಾ. ನಾವು ಯಾರ ಅತ್ರನೂ ಏನೂ ಈಸ್ಕೊಂಡಿಲ್ಲ."

"ಅಲ್ಲಿಗೆ ಎಷ್ಟು ಸಲ ಭೇಟಿ ಕೊಟ್ಟಿದ್ದೀರಿ?"

"ಅದು ಎಲ್ಲೈತೆ ಅಂತ್ಲೇ ಗೊತ್ತಿಲ್ಲ ಸಾ."

ಎರಡನೆಯದು ನಿಜ. ಸುಳ್ಳಿನಷ್ಟೇ ಕೇಡನ್ನು ಅದೂ ಮಾಡಿತು. ಹಾಲು ಹಾಕಲು ನಿಂತಿದ್ದ ಮಾದಮ್ಮ ಕೂಗಿದಳು: "ಕಮಲಕ್ಕಾ, ನನ್ ಚೀಟಿ ಎಲ್ಲವ್ವ? ಮಿಸಿನ್‌ಗ್ಯಾಕೆ ಟವಲ್ ಒದ್ಸಿದ್ದೀಯ, ಅದ್ಕೂ ಚಳಿಜ್ವರವಾ?" ನಿಮ್ಮವರು ನಕ್ಕರು, 'ಇಲ್ಲ' ಎಂದು ಬರೆದುಕೊಂಡರು, ಹೊರಟರು. ಟವಲ್ ಎತ್ತಿ ನೋಡಬೇಕೆಂದು ಅವರ ನಮೂನೆಯಲ್ಲಿ ಇರಲಿಲ್ಲ, ನೋಡಲಿಲ್ಲ.

ಮೊನ್ನೆ ಸುಬ್ಬಮ್ಮ ಫೋನ್ ಮಾಡಿದಳು. "ಏನತ್ತಿಗೆ, ನೀವೂ ಇಲ್ಲ ಅಂದ್ಬುಟ್ರಾ? ಅರಕಲಗೂಡ್ನೋರೂ ಅಂಗೇ ಅಂದವ್ರೆ. ಆ ಉಡ್ಗಿ ಕೆಲಸ ಓಯ್ತದಲ್ಲಾ!" ಎಂದಳು. ಹಾಸನಕ್ಕೆ ಹೋದೆ. ಹಂಸ ವಯರುಗಳನ್ನು ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. "ನಾನು ಮಾಡಿದ್ದು ಯಾರಿಗೂ ಬೇಕಾಗಲಿಲ್ಲ ಕಣಮ್ಮ" ಎಂದು, ನನಗೆ ಕಾಫಿ ತರಿಸಿಕೊಟ್ಟಳು. ಅವಳ ಕಾಫಿ ಕುಡಿದೆ. ನಿಜ ಹೇಳಲು ಆಗಲೂ ಬಾಯಿ ಬರಲಿಲ್ಲ. ಮನೆಗೆ ಬಂದು ದೀಪ ಹಚ್ಚಿದರೆ ನರಸಿಂಹಸ್ವಾಮಿಯ ಮುಖ ನೋಡಲಾಗಲಿಲ್ಲ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಅವಳೂ ಓದಲಿ.

ತಪ್ಪು ನನ್ನದು. ಆದರೆ ನಿಮ್ಮ ಅಳತೆಗೋಲು ಸರಿಯಿತ್ತೇ ಸ್ವಾಮಿ? ನಮ್ಮ ಮನೆಯ ಹೆಪ್ಪು ಪಕ್ಕದ ಮನೆಗೆ ಹೋಗಿ, ಅಲ್ಲಿಂದ ಆಚೆ ಬೀದಿಗೆ ಹೋಗುತ್ತದೆ. ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದವರನ್ನಷ್ಟೇ ಎಣಿಸಿದರೆ ಊರಿನಲ್ಲಿ ಎಷ್ಟು ಮನೆಯ ಮೊಸರು ಅದರಿಂದ ಆಯಿತೆಂದು ನಿಮಗೆ ತಿಳಿಯುತ್ತದೆಯೇ? ಕೊಟ್ಟ ವಸ್ತು ಚೆನ್ನಾಗಿ ನಡೆದರೆ ಜನ ಮತ್ತೆ ಬರುವುದಿಲ್ಲ. ಬರಲಿಲ್ಲವೆಂದು ನೀವು ಬಾಗಿಲು ಹಾಕುತ್ತೀರಿ. ಹಾಗಾದರೆ ದಿನಕ್ಕೊಂದು ಸಲ ಕೆಡುವುದನ್ನು ಮಾಡಿಕೊಟ್ಟಿದ್ದರೆ ಹಂಸಳಿಗೆ ಬಡ್ತಿ ಸಿಗುತ್ತಿತ್ತೇ?

ಮುಚ್ಚುವ ಆದೇಶ ತಡೆಯಿರಿ. ನಿಮ್ಮವರನ್ನು ಇನ್ನೊಮ್ಮೆ ಕಳುಹಿಸಿ. ಇದು ಯಾರಿಂದ ಬಂತು, ಯಾರಿಗೆ ಕೊಟ್ಟಿರಿ, ಏನು ತಿದ್ದಿದಿರಿ, ಇಲ್ಲದಿದ್ದರೆ ಏನು ಕಷ್ಟ ಎಂದು ಕೇಳಲಿ. ಹಂಚಿದ್ದಕ್ಕೆ ಶಿಕ್ಷೆಯಿಲ್ಲ ಎಂದು ಮೊದಲೇ ಹೇಳಲಿ. ನನ್ನನ್ನು ಕೇಳಿ ಮುಗಿದ ಮೇಲೆ ಮಾದಮ್ಮನನ್ನೂ ಕೇಳಲಿ. ಈಗ ಅವಳ ಚೀಟಿಯನ್ನು ಅವಳೇ ಓದಿಕೊಳ್ಳುತ್ತಾಳೆ, ನನ್ನ ಮುಖ ನೋಡುವುದಿಲ್ಲ.

ಟವಲ್ ತೆಗೆದಿಟ್ಟಿದ್ದೇನೆ.

ಇಂತಿ,
ನಿಮ್ಮ ವರದಿಯಲ್ಲಿ 'ಇಲ್ಲ' ಎಂದು ದಾಖಲಾಗಿರುವ
ಕಮಲಾಕ್ಷಮ್ಮ
ಫೆಬ್ರವರಿ ೨೦೦೮