ನಾಲ್ಕು ಬೆರಳು ತಗ್ಗಿಸಿದ ಕಾರು

ಹನ್ನೊಂದನೇ ತಾರೀಖು, ಮಂಗಳವಾರ

ಲೋ ಬಣ್ಣದವನೇ,

ಕ್ಷೇಮ ತಾನೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಕಣ್ಣಿನ ಪೊರೆ ತೆಗೆದರು. ತಿಂಗಳಿಡೀ ಪಟ್ಟಿ ಕಟ್ಟಿ ಮೂಲೆಯಲ್ಲಿ ಕೂರಿಸಿದ್ದರು. "ಮಾವ, ಬಗ್ಗಬೇಡಿ, ಸೀನಬೇಡಿ" ಅಂತ ಸೊಸೆಯ ಕಾವಲು ಬೇರೆ. ಈಗ ಗೋಡೆ ಮೇಲಿನ ಇರುವೆಯೂ ಕಾಣುತ್ತದೆ. ಕಾಣಬಾರದ್ದೂ ಕಂಡಿತು. ಅದಕ್ಕೇ ಈ ಕಾಗದ.

ಹಳೇ ಕಾರಿನ ಹುಚ್ಚು ಹಿಡಿದ ರಿಟೈರ್ಡ್ ಮೇಷ್ಟ್ರೊಬ್ಬರು ಗ್ಯಾರೇಜಿಗೆ ಬರುತ್ತಾರೆ. ಹಳೇ ಫೋಟೋ ತರುತ್ತಾರೆ, ಅದು ಯಾವ ಕಾರು, ಯಾವ ಕಾಲದ್ದು ಅಂತ ನಾನು ಹೇಳಬೇಕು, ಅವರು ಬರೆದುಕೊಳ್ಳಬೇಕು. ಅವರು ಮೊದಲು ನೋಡುವುದು ಮೂತಿ. ಮೂತಿ ಯಾರು ಬೇಕಾದರೂ ಬದಲಾಯಿಸಬಹುದು, ಬಾಗಿಲ ಕೀಲು ನೋಡಿ ಸ್ವಾಮಿ ಅಂತ ಸಾವಿರ ಸಲ ಹೇಳಿದ್ದೇನೆ. ಮೊನ್ನೆ, ಮುಚ್ಚಿಹೋದ ಯಾವುದೋ ಸ್ಟುಡಿಯೋದ ಕಟ್ಟು ಬಿಚ್ಚಿ ಒಂದು ಫೋಟೋ ಮುಂದಿಟ್ಟರು.

"ಇದೊಂದು ಯಾವ ಪುಸ್ತಕದಲ್ಲೂ ಇಲ್ಲ. ಮುಂದಿಂದು ಒಂದು ಕಂಪನಿ, ಹಿಂದಿಂದು ಇನ್ನೊಂದು. ಟಾಪು ನೋಡಿದ್ರೆ ಯಾರೋ ಮೇಲೆ ಕೂತು ಅದುಮಿದ ಹಾಗಿದೆ. ಏನಿದು?"

ಏನಿದು! ರೇಸಿನ ಹುಚ್ಚಿದ್ದ ಆ ಹಲ್ಲಿನ ಡಾಕ್ಟರಿಗಾಗಿ ನಾವಿಬ್ಬರೂ ಎರಡು ಗುಜರಿ ಕಾರು ಸೇರಿಸಿ ಮಾಡಿದ್ದು. ಟಾಪು ಕೊಯ್ದು ನಾಲ್ಕು ಬೆರಳು ತಗ್ಗಿಸಿದ್ದು ಈ ಕೈ. ಲೋಕದಲ್ಲೇ ಅಂಥದ್ದು ಒಂದೇ. ಹೇಳಲಿಕ್ಕೆ ಬಾಯಿ ತೆರೆದೆ. ಆಗ ಸ್ಟೀರಿಂಗ್ ಹಿಂದೆ ಕೂತವಳು ಕಂಡಳು.

"ಯಾರೋ ಸಿನಿಮಾದವಳಿರಬೇಕು" ಅಂದರು ಮೇಷ್ಟ್ರು.

ನನ್ನ ಹೆಂಡತಿ ಕಣೋ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಸೀಟು ಹೊಲಿಯುತ್ತಿದ್ದವಳು. ಕಿಟಕಿಗೆ ಮೊಣಕೈ ಊರಿ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಅವಳು ತೀರಿಹೋಗಿ ನಾಲ್ಕು ವರ್ಷ. ಇದ್ದಾಗ ನನಗೆ ಆ ನಗು ತೋರಿಸಲೇ ಇಲ್ಲ.

ಕಾರಿನ ಮುಂದೆ ನೆಲದ ಮೇಲೆ, ಫೋಟೋ ತೆಗೆದವರ ನೆರಳು. ತಲೆಗೆ ಅಗಲ ಅಂಚಿನ ಟೋಪಿ. ಅಂಥ ಟೋಪಿ ಗ್ಯಾರೇಜಿನಲ್ಲಿ ಯಾರು ಹಾಕುತ್ತಿದ್ದರು, ನೀನೇ ಹೇಳು.

ಫೋಟೋ ಮೇಷ್ಟ್ರಿಂದ ಕೇಳಿ ಇಟ್ಟುಕೊಂಡು ದಿನ ಹೊಂದಿಸಿ ನೋಡಿದೆ. ಮುಂದಿನ ದೀಪ ನಾನು ಕೂರಿಸಿದ್ದು ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ಬಂಪರ್ ಹುಡುಕಿಕೊಂಡು ಪಕ್ಕದ ಊರಿಗೆ ಹೋದೆ. ಗುರುವಾರ ಬಂದಾಗ ನೀನು ಕಪ್ಪು ಬಣ್ಣ ಹೊಡೆದು ಮುಗಿಸಿದ್ದೆ. ಫೋಟೋದಲ್ಲಿ ದೀಪ ಇದೆ, ಬಣ್ಣದ ಹೊಳಪಿಲ್ಲ. ಅಂದರೆ ನಾನಿಲ್ಲದ ಆ ದಿನಗಳಲ್ಲೇ ತೆಗೆದದ್ದು. ಕಾರಿನ ಕೀಲಿ ಇದ್ದದ್ದು ನಮ್ಮಿಬ್ಬರ ಹತ್ತಿರ. ನನ್ನದು ನನ್ನ ಜೇಬಿನಲ್ಲಿತ್ತು.

ಆ ಗುರುವಾರ ಬಂದವನೇ ಹಿಂದಿನ ಮಡ್ಗಾರ್ಡ್ ಮೇಲೆ ಕೈಯಾಡಿಸಿದೆ. ಹೊಸ ಬಣ್ಣದಡಿ, ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ಸಿಕ್ಕಿತು. "ಡ್ರಮ್ಮು ಉರುಳಿ ಬಡೀತು ಕಣೋ, ನಂದೇ ತಪ್ಪು. ಕಾರು ನಿಂತಲ್ಲಿಂದ ಅಲ್ಲಾಡಿಲ್ಲ" ಅಂದವನು ನೀನು. ಅಲ್ಲಾಡಿತೇ ಅಂತ ನಾನು ಕೇಳಿಯೇ ಇರಲಿಲ್ಲ! "ನಾನು ಮಿಷನ್ ಬಿಟ್ಟು ಎದ್ದೇ ಇಲ್ಲ" ಅಂದವಳು ಅವಳು. ಆರು ತಿಂಗಳು ನಿನ್ನ ಹತ್ತಿರ ಮಾತು ಬಿಟ್ಟಿದ್ದೆ. ಅದೂ ಬರೀ ಮಡ್ಗಾರ್ಡಿಗೆ. ಎಂಥ ದಡ್ಡ ನಾನು.

ಗೋಡೆಯಲ್ಲಿದ್ದ ಅವಳ ಫೋಟೋ ತಿರುಗಿಸಿ ಇಟ್ಟಿದ್ದೇನೆ. ಸೊಸೆ ಕೇಳಿದ್ದಕ್ಕೆ ಧೂಳು ಅಂದೆ.

ಸುಳ್ಳು ಬರೆಯಬೇಡ. ನಿನ್ನ ಸುಳ್ಳೂ ಪುಟ್ಟಿಯ ಹಾಗೇ, ನನ್ನ ಬೆರಳಿಗೆ ಸಿಗುತ್ತದೆ.

ಇಂತಿ,
ನೀವೆಲ್ಲ 'ಸುತ್ತಿಗೆ' ಅನ್ನುತ್ತಿದ್ದವನು


ಇಪ್ಪತ್ತೆಂಟನೇ ತಾರೀಖು, ಶುಕ್ರವಾರ

ಬಣ್ಣದವನೇ,

ನಿನ್ನ ಕಾಗದ ಬಂದು ಐದು ದಿನವಾಯಿತು. ಈ ಸಲದ ತಡ ಕಣ್ಣಿನದಲ್ಲ.

ಟೋಪಿ ನಿನ್ನದು, ನೆರಳು ನಿನ್ನ ಹೆಂಡತಿಯದು ಅಂತ ಬರೆದಿದ್ದೀಯ. ಒಳ್ಳೇ ಕಥೆ ಕಟ್ಟಿದ ಅಂದುಕೊಂಡೆ. ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಟೋಪಿಯ ಕೆಳಗಿಂದ ಜಡೆಯ ನೆರಳು ಇಳಿದಿದೆ. ಕಾರಿನೊಳಗೆ ನನ್ನವಳ ಪಕ್ಕದಲ್ಲಿ ಕಪ್ಪಗೆ ಕಂಡದ್ದನ್ನು ಸೀಟಿನ ಬೆನ್ನು ಅಂದುಕೊಂಡಿದ್ದೆ. ಅದು ಹೆದರಿ ಕಣ್ಣು ಮುಚ್ಚಿಕೊಂಡ ನಿನ್ನ ಮುಖ. ಮೇಷ್ಟ್ರಿಗೆ ಕೀಲು ನೋಡಿ ಅನ್ನುವವನು ನಾನು!

ಅವಳು ಮೊದಲು ಕೇಳಿದ್ದು ನನ್ನನ್ನೇ. ನೆನಪಿದೆ. "ರೀ, ನಂಗೂ ಓಡಿಸೋದು ಹೇಳಿಕೊಡ್ತೀರಾ?" ಅಂದಿದ್ದಳು. ಎಲ್ಲರ ಮುಂದೆ ನಕ್ಕು, "ಸೂಜಿಗೆ ದಾರ ಪೋಣಿಸೋದು ನೋಡ್ಕೋ ಹೋಗು" ಅಂದಿದ್ದೆ. ಅದಕ್ಕೇ ನೀನು ಹೇಳಿಕೊಟ್ಟೆ. ಇಟ್ಟಿಗೆ ಭಟ್ಟಿಯ ಬಯಲಿನವರೆಗೆ ತಾನೇ ಓಡಿಸಿದಳಂತೆ, ಹಿಂದಕ್ಕೆ ತೆಗೆಯುವಾಗ ಇಟ್ಟಿಗೆ ರಾಶಿಗೆ ಗುದ್ದಿದಳಂತೆ.

"ಅವರು ಬರಲಿ, ನಾನೇ ಹೇಳ್ತೀನಿ. ಓಡಿಸಿಯೂ ತೋರಿಸ್ತೀನಿ" ಅಂತ ಗುರುವಾರ ಬಾಗಿಲಲ್ಲೇ ನಿಂತಿದ್ದಳಂತೆ. ನಾನು ಬಂದವನು ಮಡ್ಗಾರ್ಡ್ ಮುಟ್ಟಿ, "ಯಾವನದೋ ಈ ಕೆಲಸ? ಕೈ ಮುರಿದು ಹಾಕ್ತೀನಿ" ಅಂತ ಕಿರುಚಿದೆ. ಅವಳು ಒಳಗೆ ಹೋಗಿ ಮಿಷನ್ ತುಳಿಯತೊಡಗಿದಳು. ಇಲ್ಲದ ಡ್ರಮ್ಮನ್ನು ನೀನು ಉರುಳಿಸಿದೆ.

ನಿನ್ನೆ ಮೇಷ್ಟ್ರನ್ನು ಕರೆಸಿ ಎಲ್ಲ ಬರೆಸಿದೆ. "ಈ ಹೆಂಗಸು?" ಅಂದರು. "ಈ ಕಾರನ್ನ ಮೊದಲು ಓಡಿಸಿದೋಳು. ಬರ್ಕೊಳ್ಳಿ" ಅಂದೆ. ಹೆಸರೂ ಬರೆಸಿದೆ. ಆ ಫೋಟೋದ್ದೇ ಒಂದು ಪ್ರತಿ ಮಾಡಿಸಿ ಗೋಡೆಗೆ ಹಾಕಿದ್ದೇನೆ.

ನಿನ್ನ ಮೇಲೆ ಏನೇನೋ ಅಂದುಕೊಂಡೆ. ಕ್ಷಮಿಸು ಅಂತ ಬರೆಯಲು ನನಗೆ ಬರುವುದಿಲ್ಲ, ನೀನೇ ಸೇರಿಸಿ ಓದಿಕೋ. ಗಂಡ ಹೆಂಡತಿ ಇನ್ನೂ ಬಹಳ ಕಾಲ ಜಗಳವಾಡಿಕೊಂಡು ಚೆನ್ನಾಗಿರಿ.

ನಿನ್ನ,
ಸುತ್ತಿಗೆ

ಇನ್ನೊಂದು ಮಾತು: ಆಮೇಲೆ ನಮ್ಮದೇ ಒಂದು ಕಾರು ಬಂತಲ್ಲ. ಅವಳು ಪಕ್ಕದಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದಳು. ನಾನು ಕ್ಲಚ್ಚು ತುಳಿದು ಗೇರು ಬದಲಾಯಿಸಿದಾಗಲೆಲ್ಲ ಅವಳ ಎಡಗಾಲೂ ನೆಲವನ್ನು ಒತ್ತುತ್ತಿತ್ತು. ಕಾಲುನೋವು ಅಂದುಕೊಂಡು ವರ್ಷಗಟ್ಟಲೆ ಮುಲಾಮು ತಂದುಕೊಟ್ಟೆ. ಬೇಡ ಅನ್ನದೆ ಹಚ್ಚಿಕೊಳ್ಳುತ್ತಿದ್ದಳು.