ಸೊನ್ನೆ ಆರ್‌ಪಿಎಂ

ಮಾರ್ಚ್ 3, 2006. ಶುಕ್ರವಾರ

ಇವತ್ತೂ ಎರಡು ಸಲ ಆಫ್ ಆಯಿತು. ಕರೆಂಟ್ ಇತ್ತು. ಯುಪಿಎಸ್ ಸರಿಯಾಗಿತ್ತು. ಕಂಪ್ಯೂಟರ್ ಮಾತ್ರ ತನ್ನಷ್ಟಕ್ಕೆ ತಾನೇ ಟಪ್. ಹಂಗಳದ ಸ್ಕೂಲಿನ ಒಂಬತ್ತನೇ ಕ್ಲಾಸ್ ಸಮಾಜ ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದು ಅರ್ಧ ಹೋಯಿತು. ಸೇವ್ ಮಾಡಿರಲಿಲ್ಲ. ನನ್ನದೇ ತಪ್ಪು. ಆದರೂ ಮೌಸ್ ಎತ್ತಿ ಕುಕ್ಕಿದೆ.

ನನ್ನ ಅಂಗಡಿಯಲ್ಲಿ ಜೆರಾಕ್ಸ್ ನೋಡಿಕೊಳ್ಳೋ ಅನೀಸಾ ಅವಳ ತಮ್ಮನಿಗೆ ಫೋನ್ ಮಾಡಿದಳು. ಯಾಸಿರ್ — ಚಾಮರಾಜನಗರದಲ್ಲಿ ಟಿವಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಾಯಂಕಾಲ ಬಂದು ಡಬ್ಬ ಬಿಚ್ಚಿದ. ಒಳಗಿನ ಫ್ಯಾನು ಕಚ್ಚಿಕೊಂಡು ನಿಂತೇ ಹೋಗಿತ್ತು. ಬಿಸಿಯೇರಿ ಆಫ್ ಆಗ್ತಿತ್ತಂತೆ.

"ಹದಿನೈದು ದಿನದಿಂದ ಕಿರ್ರ್ ಅಂತ ಅರಚಿರುತ್ತೆ ಅಕ್ಕಾ. ಕೇಳಿಸ್ಲಿಲ್ವಾ?"

"ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಏನು ಕೇಳುತ್ತಪ್ಪ?"

ಅನೀಸಾ ನನ್ನ ಮುಖ ನೋಡಿದಳು. ನೋಡಲಿ.

ಸದ್ಯಕ್ಕೆ ಅಂತ ಚೀಲದಲ್ಲಿದ್ದ ಹಳೇ ಫ್ಯಾನ್ ಹಾಕಿ ಹೋದ.

ಮಾರ್ಚ್ 6, ಸೋಮವಾರ

ತೆರಕಣಾಂಬಿ ಮೇಲಿನ ಬಸ್ಸಲ್ಲಿ ನಿಂತುಕೊಂಡೇ ಚಾಮರಾಜನಗರಕ್ಕೆ ಹೋದೆ. ಯಾಸಿರ್ ಅಂಗಡಿಯಲ್ಲಿ ಒಂದು ವಸ್ತು ತೋರಿಸಿದ. ಎಲ್‌ಸಿಡಿ ಪ್ಯಾನೆಲ್. ಸಿಡಿ ಡ್ರೈವ್ ಮೇಲಿನ ಖಾಲಿ ಕಿಂಡಿಯಲ್ಲಿ ಕೂರುತ್ತೆ. ಒಳಗೆ ಎಷ್ಟು ಬಿಸಿ, ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು — ಎಲ್ಲಾ ನಂಬರಿನಲ್ಲಿ. ನೀಲಿ ಬೆಳಕು. ನಾಬ್ ತಿರುಗಿಸಿದರೆ ಫ್ಯಾನು ಜೋರು, ನಿಧಾನ.

ನೋಡಿದ ತಕ್ಷಣ ಬೇಕು ಅನ್ನಿಸಿತು. ಕಣ್ಣಿಗೆ ಕಂಡರೆ ಸಾಕಲ್ಲ. ಕೇಳುವ ಗೋಜೇ ಇಲ್ಲ.

ಭಾನುವಾರ ಬಂದು ಹಾಕಿಕೊಡ್ತೀನಿ ಅಂದ. ನಾನೇ ಹಾಕ್ತೀನಿ ಅಂದೆ. ಅವನು ಬಂದರೆ ಮತ್ತೆ ಆ ಕಿರ್ರ್ ವಿಷಯ ಎತ್ತುತ್ತಾನೆ. ಪ್ಯಾಕ್ ಮಾಡುತ್ತಾ ತಲೆ ಬಗ್ಗಿಸಿಕೊಂಡೇ ಏನೇನೋ ಹೇಳಿದ. ರೋಡಲ್ಲಿ ಲಾರಿ. ಪಕ್ಕದಲ್ಲಿ ಯಾರದೋ ಟಿವಿ. ತಲೆ ಆಡಿಸಿ ಬಂದೆ.

ಮಾರ್ಚ್ 8, ಬುಧವಾರ. ಮಧ್ಯಾಹ್ನ 3

ಪ್ಯಾನೆಲ್ ಕೂರಿಸಿದೆ. ಬರೀ ಕಪ್ಪು. ಒಂದು ಚುಕ್ಕಿ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಒಂದು ಪುಟ ಚೀನೀ ಭಾಷೆ, ಒಂದು ಪುಟ ಇಂಗ್ಲಿಷ್. ಚೀನೀ ಪುಟದ ಚಿತ್ರವೇ ವಾಸಿ. ಕ್ಯಾಬಿನೆಟ್ ತಗಡು ತಾಗಿ ಹೆಬ್ಬೆರಳು ಕುಯ್ದುಕೊಂಡೆ. ಒಂದು ಸ್ಕ್ರೂ ಬೋರ್ಡಿನ ಕೆಳಗೆ ಹೋಯಿತು. ಇಡೀ ಡಬ್ಬ ಬೋರಲು ಹಾಕಿ ಅಲ್ಲಾಡಿಸಬೇಕಾಯಿತು. ಗಿರಾಕಿಗಳು ನಿಂತು ನೋಡ್ತಿದ್ದಾರೆ, ಏನೋ ಆಪರೇಷನ್ ಅನ್ನೋ ಹಾಗೆ.

ಫೋನ್ ಬಂದರೆ ಅನೀಸಾ ನನಗಿಂತ ಮುಂಚೆ ಹಾರಿ ಎತ್ತಿಕೊಳ್ತಾಳೆ. ಅಂಗಡಿ ನನ್ನದೋ ಅವಳದೋ! ಬೈದೆ.

ಮಾರ್ಚ್ 9

ಪವರ್ ಪ್ಲಗ್ ಪೂರ್ತಿ ಒಳಗೆ ಹೋಗಿರಲಿಲ್ಲ. ಅಷ್ಟೆ. ಒತ್ತಿದೆ — ನೀಲಿ ಬೆಳಕು! ಚಪ್ಪಾಳೆ ತಟ್ಟೋಣ ಅನ್ನಿಸಿತು.

ಟೆಂಪರೇಚರ್ 118. ಪ್ಲಗ್ ಕಿತ್ತೆ. ಅರ್ಧ ಗಂಟೆ ಆರಲು ಬಿಟ್ಟು ಹಾಕಿದೆ. ಮತ್ತೆ ಏರಿ ಏರಿ 115. ಆಮೇಲೆ ಕಣ್ಣಿಗೆ ಬಿತ್ತು, ಮೂಲೆಯಲ್ಲಿ ಚಿಕ್ಕದಾಗಿ ಎಫ್. ಫ್ಯಾರನ್‌ಹೀಟ್ ಅಂತೆ. ಗುಂಡ್ಲುಪೇಟೆಯಲ್ಲಿ ಯಾರಿಗೆ ಬೇಕಿತ್ತು ಇದು? ಸಣ್ಣ ಬಟನ್ ಒತ್ತಿ ಹಿಡಿದರೆ ಸೆಲ್ಸಿಯಸ್. ಒತ್ತಿ ಹಿಡಿಯಬೇಕು ಅನ್ನೋದು ತಿಳಿಯಲು ಒಂದು ಮಧ್ಯಾಹ್ನ ಹೋಯಿತು.

ಫ್ಯಾನ್ ವೈರ್ ಇನ್ನೂ ಕೊಟ್ಟಿಲ್ಲ. ಭಾನುವಾರ, ಯಾರೂ ಇಲ್ಲದಾಗ.

ಮಾರ್ಚ್ 12, ಭಾನುವಾರ

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಂಗಡಿಯಲ್ಲಿ ಒಬ್ಬಳೇ. ಫ್ಯಾನ್ ವೈರ್ ಪ್ಯಾನೆಲ್‌ಗೆ ಕೊಟ್ಟೆ. ಫ್ಯಾನು ತಿರುಗ್ತಿದೆ. ಬೆರಳು ಹತ್ತಿರ ಹಿಡಿದರೆ ಗಾಳಿ ಬರ್ತಿದೆ. ಪ್ಯಾನೆಲ್ ಹೇಳೋದು — 0.

ಬಿಚ್ಚಿ ಹಾಕಿದೆ. 0. ಬೇರೆ ಪಿನ್ನಿಗೆ ಹಾಕಿದೆ. 0. ನಾಬ್ ಪೂರ್ತಿ ತಿರುಗಿಸಿದೆ. 0. ಆ ಸೊನ್ನೆ ಬೇರೆ ಮಿಟಿಮಿಟಿ ಮಿಟುಕ್ತಾ ಇದೆ. ಅಣಕಿಸಿದ ಹಾಗೆ. ಸ್ಕ್ರೂಡ್ರೈವರ್ ಎಸೆದೆ. ಆಮೇಲೆ ಮಂಡಿಯೂರಿ ಹುಡುಕಿ ತಂದೆ.

ಪಕ್ಕದ ಟೀ ಅಂಗಡಿ ಕರಿಬಸವಯ್ಯ ಎರಡು ಸಲ ಬಾಗಿಲಲ್ಲಿ ಇಣುಕಿ ಕೈ ಸನ್ನೆ ಮಾಡಿದ. ಟೀ ಬೇಡ ಅಂದೆ.

ಮಾರ್ಚ್ 13, ಸೋಮವಾರ

ಬರೆಯೋಕೆ ನಾಚಿಕೆ.

ಒಂಬತ್ತೂವರೆಗೆ ಹಂಗಳದ ಹೆಡ್ಮಾಸ್ಟರ್ ಪುಟ್ಟಮಲ್ಲಪ್ಪ ಬಂದರು, ಪ್ರಶ್ನೆಪತ್ರಿಕೆಗೆ. ನಾನು ಕಂಪ್ಯೂಟರ್ ಆನ್ ಮಾಡಿ ಟೈಪ್ ಮಾಡ್ತಾ ಕೂತೆ. ನೋಡಿದರೆ ಅವರು ಕಿವಿಗೆ ಬೆರಳು ಇಟ್ಟುಕೊಂಡಿದ್ದಾರೆ.

"ಏನ್ ಮೇಡಂ ಅದು, ಇಂಗ್ ಬಡ್ಕತಾ ಅದೆ? ನಿಲ್ಸಿ ಮಾರಾಯ್ತಿ, ತಲೆ ಸಿಡಿತದೆ!"

"ಯಾವುದು ಸರ್?"

ಕರಿಬಸವಯ್ಯನೂ ಬಂದ. "ನೆನ್ನೆಯಿಂದ ಇದೇ ಕಣವ್ವ. ಆಫ್ ಮಾಡಿ ಅಂತ ಕೈ ಮಾಡುದ್ರೆ ಬ್ಯಾಡ ಅಂದ್ಬುಟ್ರಿ."

ಯಾವುದು? ಯಾವುದು? ಅಂತ ಸುತ್ತ ನೋಡಿದೆ. ಅಂಗಡಿ ತುಂಬಾ ಜನ ನನ್ನನ್ನೇ ನೋಡ್ತಿದ್ದಾರೆ. ಅನೀಸಾ ಜೆರಾಕ್ಸ್ ಬಿಟ್ಟು ನನ್ನ ಎದುರಿಗೆ ಬಂದಳು. ಪ್ಯಾನೆಲ್ ಮೇಲೆ ಬೆರಳಿಟ್ಟಳು. ನಿಧಾನವಾಗಿ, ಮಗುವಿಗೆ ಹೇಳೋ ಹಾಗೆ —

"ಇದರ ಅಲಾರಂ ಅಕ್ಕಾ. ಕೂಗ್ತಿದೆ. ನಿಮಗೆ ಕೇಳಿಸ್ತಿಲ್ಲ."

ನನಗೆ ಏನಾಯಿತೋ. "ನಿನ್ನನ್ನ ಕೇಳಿದ್ನಾ? ದೊಡ್ಡ ಡಾಕ್ಟರ್ ನೀನು! ಮನೆಗೆ ಹೋಗು, ನಡಿ" ಅಂದೆ. ಎಷ್ಟು ಜೋರಾಗಿ ಅಂದೆ ಅಂತ ನನಗೆ ಗೊತ್ತಿಲ್ಲ. ಹೆಡ್ಮಾಸ್ಟರ್ ಮುಖ ನೋಡಿ ಗೊತ್ತಾಯಿತು.

ಅವಳು ಚಪ್ಪಲಿ ಹಾಕಿಕೊಂಡು ಹೊರಟೇ ಹೋದಳು.

ಮಾರ್ಚ್ 17, ಶುಕ್ರವಾರ

ಅನೀಸಾ ಬಂದಿಲ್ಲ. ನಾಲ್ಕು ದಿನ.

ಪ್ಯಾನೆಲ್ ಪ್ಲಗ್ ಕಿತ್ತಿಟ್ಟಿದ್ದೇನೆ. ಫ್ಯಾನು ಮತ್ತೆ ಬೋರ್ಡಿಗೆ. ಗಿರಾಕಿಗಳು ಬೆನ್ನ ಹಿಂದೆ ಏನು ಕೇಳ್ತಾರೋ ತಿಳಿಯಲ್ಲ, ಎರಡೆರಡು ಸಲ ಕೇಳಬೇಕಾಗುತ್ತೆ ಅವರು. ಒಬ್ಬ ಮೂರು ಜೆರಾಕ್ಸ್ ಅಂದ, ನೂರು ತೆಗೆದೆ. ಫೋನ್ ಯಾವಾಗ ಬಂತು, ಯಾವಾಗ ನಿಂತಿತು, ತಿಳಿಯದು. ಬೇಗೂರಿನವರು ಬಂದು ಜಗಳಕ್ಕೆ ನಿಂತರು — ಹತ್ತು ಸಲ ಮಾಡಿದೆವು, ಎತ್ತೋದೇ ಇಲ್ಲವಲ್ಲ ಅಂತ.

ಹದಿನೆಂಟು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಹನ್ನೆರಡು ಮೆಷಿನ್, ಬೆಳಿಗ್ಗೆಯಿಂದ ಸಂಜೆ ಟಕಟಕ. ಅದರಿಂದಲೋ ಏನೋ. ನಲವತ್ತೈದಕ್ಕೇ ಹೀಗಾಗಬೇಕಾ?

ಇದನ್ನ ಇಲ್ಲೂ ಈವರೆಗೆ ಬರೆದಿರಲಿಲ್ಲ.

ಮಾರ್ಚ್ 18

ಅವಳ ಮನೆಗೆ ಹೋದೆ. ಅವಳ ಅಮ್ಮ ಆಮಿನಾ ಬಾಗಿಲು ತೆಗೆದು, ಕುರ್ಚಿ ಹಾಕಿ, ಒಳಗೆ ಹೋದರು. ಅನೀಸಾ ಬಟ್ಟೆ ಮಡಚ್ತಾ ಇದ್ದಳು. ತಲೆ ಎತ್ತಲಿಲ್ಲ.

"ತಪ್ಪಾಯ್ತು ಕಣಮ್ಮಿ."

ಏನೋ ಅಂದಳು. ಬಗ್ಗಿದ ತಲೆ. ಕೇಳಿಸಲಿಲ್ಲ. ಎಂದಿನಂತೆ ತಲೆ ಆಡಿಸೋಕೆ ಹೊರಟವಳು ನಿಂತೆ. "ಕೇಳಿಸ್ಲಿಲ್ಲ. ಈ ಕಡೆ ನೋಡಿ ಹೇಳು" ಅಂದೆ.

ಅವಳು ಎದುರಿಗೆ ಬಂದು ಕೂತಳು.

"ಎರಡು ವರ್ಷದಿಂದ ಗೊತ್ತು ಅಕ್ಕಾ. ಫೋನ್ ನಾನ್ಯಾಕೆ ಓಡಿ ಎತ್ತಿಕೊಳ್ತಿದ್ದೆ ಅಂದ್ಕೊಂಡ್ರಿ? ಫ್ಯಾನು ಕಿರುಚ್ತಾ ಇದೆ ಅಂತಾನೂ ಎರಡು ಸಲ ಹೇಳಿದೆ. 'ಆಮೇಲೆ ಮಾಡನ' ಅಂದ್ರಿ."

"ಯಾಕೆ ನೇರವಾಗಿ ಹೇಳಲಿಲ್ಲ?"

"ಹೇಳಿದ್ನಲ್ಲ, ಸೋಮವಾರ. ಏನಾಯ್ತು?"

ಅಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು. ಆಮಿನಾ ಟೀ ತಂದರು.

ಮಾರ್ಚ್ 19, ಭಾನುವಾರ

ಯಾಸಿರ್ ಬಂದ. ವೈರ್ ಎತ್ತಿ ನೋಡಿದ.

"ಅಕ್ಕಾ, ಇದು ಎರಡು ವೈರಿನ ಹಳೇ ಫ್ಯಾನು. ಸುತ್ತು ಎಣಿಸೋ ಸಿಗ್ನಲ್ ಹೋಗೋದು ಮೂರನೇ ವೈರಲ್ಲಿ. ಸಿಗ್ನಲ್ ಬರದಿದ್ರೆ ಫ್ಯಾನು ನಿಂತಿದೆ ಅಂತ ಅಲಾರಂ ಕೂಗುತ್ತೆ. ಹೊಸದು ತಗೊಂಡು ಹೋಗಿ ಅಂತ ಅವತ್ತೇ ಹೇಳಿದ್ನಲ್ಲ? ನೀವು ತಲೆ ಆಡಿಸಿದ್ರಿ."

ಒಂದು ವಾರ! ಭಾನುವಾರ ಪೂರ್ತಿ ಮಂಡಿಯೂರಿದ್ದು, ಆ ರಂಪಾಟ... ಎಲ್ಲಾ ಒಂದು ಮಾತು ಕಿವಿಗೆ ಬೀಳದ್ದಕ್ಕೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ?

"ಕೇಳಿಸಿರಲಿಲ್ಲ ಯಾಸಿರ್. ನನಗೆ ಕಿವಿ ಮಂದ."

ಅವನು ಅನೀಸಾ ಕಡೆ ನೋಡಿದ. ಆಮೇಲೆ ಹೊಸ ಫ್ಯಾನು ಕೂರಿಸಿದ. ಹಳದಿ ವೈರು. 2640. ನಾಬ್ ಇಳಿಸಿದರೆ 1900. ಏರಿಸಿದರೆ ಮತ್ತೆ 2640. ನಾಲ್ಕು ಸಲ ಏರಿಸಿ ಇಳಿಸಿದೆ. ಅಲಾರಂ ಸದ್ದು ತೆಗೆದು ದೀಪ ಮಾತ್ರ ಮಿನುಗೋ ಹಾಗೆ ಇಟ್ಟುಕೊಟ್ಟ.

"ಮೈಸೂರಲ್ಲಿ ಕಿವಿ ಟೆಸ್ಟ್ ಮಾಡ್ತಾರೆ ಅಕ್ಕಾ" ಅಂದಳು ಅನೀಸಾ. "ನಾನೂ ಬರ್ತೀನಿ. ಹೋಗನ."

ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಲ್ಲಿ ನಡೆಯೋದು... ನೋಡೋಣ ಅಂದೆ.

ಮಾರ್ಚ್ 21, ಮಂಗಳವಾರ. ಸಂಜೆ 7

ಟೆಸ್ಟಿಗೆ ಶುಕ್ರವಾರ ಬನ್ನಿ ಅಂದಿದ್ದಾರೆ ಮೈಸೂರಿನವರು. ಫೋನಲ್ಲಿ ಅನೀಸಾನೇ ಮಾತಾಡಿದಳು.

ಮನೆಯಲ್ಲಿ ಇವರಿಗೆ ಇನ್ನೂ ಹೇಳಿಲ್ಲ. ನಿನ್ನೆ ಹೇಳೋಣ ಅಂದುಕೊಂಡೆ, ಆಗಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ — ಗೊತ್ತೇ ಇರಬಹುದು. ಗೊತ್ತಿದ್ದೂ ಸುಮ್ಮನಿದ್ದರೆ ಅದಕ್ಕೆ ಬೇರೆ ಸಿಟ್ಟು.

ಬಂದರು. ಚಾಮರಾಜನಗರದ ಕೋರ್ಟ್ ಕೆಲಸ ಮುಗಿಸಿ ಬಂದರೆ ಮೊದಲು ಬಚ್ಚಲಿಗೆ. ಅಲ್ಲಿಂದಲೇ ಏನೋ ಕೇಳ್ತಿದ್ದಾರೆ. ದನಿ ಇದೆ, ಮಾತು ಇಲ್ಲ. ಇಷ್ಟು ದಿನ ಇಂಥ ಹೊತ್ತಲ್ಲಿ 'ಹೂಂ' ಅಂದುಬಿಡ್ತಿದ್ದೆ. ಯಾವುದಕ್ಕೆ ಹೂಂ ಅಂದೆ ಅಂತ ಆಮೇಲೆ ಗೊತ್ತಾಗೋದು.

ಮತ್ತೆ ಕೇಳಿದರು. ಎದ್ದು ಹೋಗಿ, ಬಾಗಿಲಲ್ಲಿ ನಿಂತು, ಅವರ ಮುಖ ನೋಡಿ ಹೇಳ್ತೀನಿ — ಕೇಳಿಸ್ಲಿಲ್ಲ ಅಂತ.